ಗೋಡೆಗೆ ಮಾತ್ರ ಮೆತ್ತೆ

ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕಳೆದ ಮುನ್ನೂರ ಹನ್ನೆರಡು ದಿನಗಳಿಂದ ಉಸಿರಾಟದ ಮಾಸ್ಕು ಯಾವ ರೋಗಿಯ ಚರ್ಮವನ್ನೂ ಗಾಯಗೊಳಿಸಿಲ್ಲ. ಇದನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಲಾಗಿದೆ. ಕೆತ್ತಿದ ಮೇಲೆ ಅದು ಸತ್ಯ.

ಆದ್ದರಿಂದ ಆರನೇ ಹಾಸಿಗೆಯ ಬಯ್ಯೂಮಿ ಅಜ್ಜನ ಮೂಗಿನ ದಿಣ್ಣೆ ಸುಲಿದು ಕೆಂಪು ಮಾಂಸ ಕಂಡಾಗ, ನರ್ಸ್ ಇಂಶಿರಾಹ್ ಕಂಡದ್ದಾದರೂ ಏನು ಎಂಬ ಪ್ರಶ್ನೆ ಎದ್ದಿತು.

"ತೆಗಿಯೇ ತಾಯಿ ಇದನ್ನ! ಕತ್ತೆಗೂ ಹಿಂಗೆ ಮುಖಕ್ಕೆ ಬಿಗಿಯಲ್ಲ," ಎಂದು ಅಜ್ಜ ಪಟ್ಟಿ ಕಿತ್ತುಕೊಂಡ.

"ತೆಗೆದ್ರೆ ನಾಳೆ ಗಂಟಲೊಳಗೆ ಕೊಳವೆ ಹಾಕ್ತಾರೆ. ನಿನ್ನ ವಯಸ್ಸಿಗೆ ಅದು ಹೋದ್ರೆ ಹೊರಗೆ ಬರಲ್ಲ, ನೀನೂ ಬರಲ್ಲ. ಸಂಜೆವರೆಗೆ ತಡ್ಕೋ, ಮಾಸ್ಕಿನ ಕೆಳಗೆ ಇಡೋಕೆ ಮೆತ್ತೆ ತರ್ತೀನಿ," ಎಂದಳು ಇಂಶಿರಾಹ್.

ಉಗ್ರಾಣದ ಹಿಲ್ಮಿಯ ಬಳಿ ಆ ಮೃದುವಾದ ಅಂಟುಮೆತ್ತೆಗಳು ಪೆಟ್ಟಿಗೆಗಟ್ಟಲೆ ಇದ್ದವು. "ಗಾಯದ ವರದಿ ತಾ, ಮೆತ್ತೆ ಒಯ್ಯಿ," ಎಂದ.

ವರದಿ ಗುಣಮಟ್ಟ ಸಮಿತಿಗೆ ಹೋಯಿತು. ಅಧ್ಯಕ್ಷ ಡಾಕ್ಟರ್ ರಿಫಾತ್ ಅಜ್ಜನ ಮೂಗನ್ನು ಭಕ್ತಿಯಿಂದ ನೋಡಿದರು. ನೆಲಕ್ಕೆ ಬಾಗಿ ಬಾಗಿ ನಮಾಜು ಮಾಡಿದವರ ಹಣೆಯಲ್ಲಿ ಮೂಡುವ ಕಪ್ಪು ಗುರುತಿಗೆ ನಮ್ಮಲ್ಲಿ ಒಣದ್ರಾಕ್ಷಿ ಅನ್ನುತ್ತಾರೆ. ಸಮಿತಿ ಬರೆಯಿತು: "ಗಾಯವಲ್ಲ. ಒಣದ್ರಾಕ್ಷಿ. ಸ್ಥಾನಪಲ್ಲಟಗೊಂಡಿದೆ."

"ಡಾಕ್ಟ್ರೇ, ನೆಲ ಮುಟ್ಟೋದು ಮೂಗಿನ ತುದಿ, ದಿಣ್ಣೆ ಅಲ್ಲ," ಎಂದಳು ಇಂಶಿರಾಹ್.

"ಅವರವರ ಭಕ್ತಿ."

"ನಾನು ಶುಕ್ರವಾರ ಬಿಟ್ರೆ ಮಸೀದಿ ಕಡೆ ತಲೆ ಹಾಕಿದವನಲ್ಲ ಸ್ವಾಮಿ," ಎಂದು ಅಜ್ಜ ಮಾಸ್ಕಿನೊಳಗಿಂದಲೇ ಒಪ್ಪಿಕೊಂಡ.

"ವಿನಯ ಬೇರೆ!" ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಅಜ್ಜ ಎರಡು ಸಲ ಮಾಸ್ಕು ಕಿತ್ತೆಸೆದ. ಎರಡು ಸಲವೂ ತುಟಿ ನೀಲಿಯಾಯಿತು. ಇಂಶಿರಾಹ್ ಮತ್ತೆ ಉಗ್ರಾಣಕ್ಕೆ ನಡೆದಳು. ದಾರಿಯಲ್ಲಿ ಆ ಹಿತ್ತಾಳೆ ಫಲಕವನ್ನು ಗೋಡೆಗೆ ಏರಿಸುತ್ತಿದ್ದರು. ಅದರ ಬೆನ್ನಿಗೆ ಹಿಲ್ಮಿ ಒಂದೊಂದಾಗಿ ಮೆತ್ತೆ ಅಂಟಿಸುತ್ತಿದ್ದ. ಹದಿನಾಲ್ಕು ಮೆತ್ತೆ.

"ಇದಕ್ಕೆ ಯಾಕೋ?"

"ಗೋಡೆ ತರಚಿದ್ರೆ? ಬಣ್ಣ ಸರ್ಕಾರದ ಆಸ್ತಿ ಕಣಮ್ಮ. ಚರ್ಮ ಅವರವರ ಖಾಸಗಿ ಸ್ವತ್ತು. ಗೋಡೆಗಾದ್ರೆ ವರದಿನೂ ಬೇಡ, ಅರ್ಜಿ ಸಾಕು."

ಇಂಶಿರಾಹ್ ಅಲ್ಲೇ ನಿಂತು ಅರ್ಜಿ ಬರೆದಳು: ಗೋಡೆ, ಆರನೇ ಹಾಸಿಗೆ. ಎರಡು ಬೆರಳಗಲ ತರಚಿದೆ.

"ಎಷ್ಟು ವರ್ಷದ ಗೋಡೆ?"

"ಎಪ್ಪತ್ತೊಂದು."

"ಅಯ್ಯೋ, ಹಳೇ ಕಾಲದ್ದು! ನಾಲ್ಕು ತಗೊಂಡು ಹೋಗು, ಪಾಪ."

ಸಂಜೆಗೆ ಮೆತ್ತೆ ಮೂಗಿಗೆ ಕೂತಿತು, ಮೆತ್ತೆಯ ಮೇಲೆ ಮಾಸ್ಕು ಕೂತಿತು, ಅಜ್ಜ ಗೊರಕೆ ಹೊಡೆದ. ಮರುದಿನ ಕಟ್ಟಡ ವಿಭಾಗದ ಇಂಜಿನಿಯರು ಗೋಡೆ ಪರೀಕ್ಷಿಸಲು ಬಂದು ಅಜ್ಜನ ಎದೆಯ ಮೇಲೆ ಬೆರಳಿನಿಂದ ತಟ್ಟಿ ಕೇಳಿ, "ಒಳಗೆ ತೇವ ಇದೆ, ಒಣಗ್ತಿದೆ. ಸದ್ಯಕ್ಕೆ ಬೀಳಲ್ಲ," ಎಂದು ಸಹಿ ಹಾಕಿದ. ಎದೆಯ ಡಾಕ್ಟರು ಹೇಳಿದ್ದೂ ಅದನ್ನೇ. ವಾರದೊಳಗೆ ವಾರ್ಡಿನಲ್ಲಿ ಹನ್ನೊಂದು ಗೋಡೆಗಳಾದವು. ಗಾಯ ಮಾತ್ರ ಆಗಲೂ ಸೊನ್ನೆ.

ಅಜ್ಜನ ಹೆಂಡತಿ ಜಕಿಯಾಗೆ ಇಂಜಿನಿಯರು ಸಹಿ ಹಾಕಿದ ಕಾಗದ ಓದಿ ಹೇಳಿದರು. ಆಕೆಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ನಲವತ್ತಾರು ವರ್ಷದಿಂದ ನಾನು ಹೇಳ್ತಾನೇ ಇದ್ದೆ, ಗೋಡೆ ಜೊತೆ ಸಂಸಾರ ಮಾಡ್ತಿದ್ದೀನಿ ಅಂತ. ಸರ್ಕಾರಕ್ಕೆ ಈಗ ಗೊತ್ತಾಯ್ತು ನೋಡು."

ಅಜ್ಜ ಗುಣವಾದ ದಿನ ಬಾಗಿಲ ಕಾವಲುಗಾರ ಅವನನ್ನು ತಡೆದ. ಸರ್ಕಾರಿ ಗೋಡೆಯನ್ನು ಹೊರಗೆ ಸಾಗಿಸಲು ಪರವಾನಗಿ ಪತ್ರ ಬೇಕು. ಇಂಶಿರಾಹ್ ಅದನ್ನು ಮೊದಲೇ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಳು. ಕಾವಲುಗಾರ ಮೊಹರು ನೋಡಿ ಗೇಟು ತೆರೆದ.

"ನಿಧಾನ ಅಜ್ಜ," ಎಂದ, "ಮೂಲೆಗೀಲೆ ತರಚೀತು."