ಮುಂಬೈಗೆ ಒಂದು ತಾಸು ಹದಿನೈದು ನಿಮಿಷ

ನಮ್ಮ ಕಾಕಾನನ್ನು ದಾರಿ ಕೇಳಿದವರು ಊರು ಮುಟ್ಟಿದ ಉದಾಹರಣೆ ಇಲ್ಲ! ನಮ್ಮೂರು ಸಂಶಿಯ ಬಸ್ ಸ್ಟ್ಯಾಂಡಿನಲ್ಲಿ ಪಾಪ ಯಾರೋ, "ಕುಂದಗೋಳಕ್ಕ ಎಷ್ಟೊತ್ತು ಹಿಡಿತೈತ್ರಿ?" ಎಂದರೆ ಈತ ಮುಗಿಲು ನೋಡಿ, "ಮ್ಯಾಲಿಂದ ಹೋದ್ರ ಒಂದೂವರಿ ನಿಮಿಷರಿ" ಅನ್ನುತ್ತಾನೆ. ಮೇಲಿನಿಂದ ಹೋಗಲು ಆ ಮನುಷ್ಯನೇನು ಹದ್ದೇ?

ಈ ಹುಚ್ಚು ಹತ್ತಿದ್ದು ಹುಬ್ಬಳ್ಳಿಯಿಂದ ಮುಂಬೈಗೆ ವಿಮಾನ ಶುರುವಾದ ಮೇಲೆ. ಕಾಕಾನ ಒಬ್ಬಳೇ ತಂಗಿ, ಅಂದರೆ ನನ್ನ ಅತ್ತೆ, ಇರುವುದು ಮುಂಬೈಯಲ್ಲಿ. "ನಾಕನೂರಾ ಎಪ್ಪತ್ತೈದು ಕಿಲೋಮೀಟರ್, ಒಂದು ತಾಸು ಹದಿನೈದು ನಿಮಿಷ!" ಇದನ್ನು ಕೇಳದೆ ನಮ್ಮೂರಲ್ಲಿ ಯಾರೂ ಚಹಾ ಕುಡಿದಿಲ್ಲ. ವಿಮಾನವನ್ನು ಒಮ್ಮೆಯೂ ಹತ್ತದವನು ಅದು ತಡವಾದರೆ ಹೊಲದಲ್ಲಿ ನಿಂತು ಬೈಯುತ್ತಿದ್ದ.

ಮೊದಲು ಹೀಗಿರಲಿಲ್ಲ. ಪ್ರತಿ ನಾಗರ ಪಂಚಮಿಗೂ ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಿ ತಂಗಿಯನ್ನು ಕರೆತರುತ್ತಿದ್ದ. ಅಣ್ಣ ಬಂದು ಕರೆಯದೆ ತಂಗಿ ಪಂಚಮಿಗೆ ತವರಿಗೆ ಬರುವುದಿಲ್ಲ. ನಮ್ಮ ಕಡೆ ಅದು ಮಾನದ ಮಾತು. ವಿಮಾನ ಶುರುವಾಯಿತು ನೋಡಿ, ಕಾಕಾ ಹೋಗುವುದನ್ನೇ ಬಿಟ್ಟ!

"ಅತ್ತಿನ್ನ ಕರಿಯಾಕ ಹೋಗೂದಿಲ್ಲೇನು?" ಎಂದು ಕೇಳಿದರೆ, "ಏನ್ ದೂರ ಐತೇನಲೇ? ಯಾವಾಗ ಬೇಕಾದ್ರೂ ಹೋಗಿ ಬರಬಹುದು" ಅನ್ನುತ್ತಿದ್ದ. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹೀಗೆ ನಾಲ್ಕು ಪಂಚಮಿ ಕಳೆದವು.

ಈ ವರ್ಷ ಯುಗಾದಿ ಮುಗಿದ ಮೇಲೆ ಅತ್ತೆಯ ಮಗನ ಫೋನ್ ಬಂತು. "ಅವ್ವಗ ಭಾಳ ಆರಾಮಿಲ್ಲ. ಈ ವಾರ ದಾಟೂದು ಕಷ್ಟ ಅಂದಾರ. ಮಾಮಾನ್ನ ಲಗೂ ಕರ್ಕೊಂಡ ಬಾ."

ಇಬ್ಬರಿಗೂ ವಿಮಾನದ ಟಿಕೀಟು ತೆಗೆಸಿ, ಎರಡು ತಾಸು ಮೊದಲೇ ನಿಲ್ದಾಣದಲ್ಲಿರಬೇಕು ಎಂದೆ. ಕಾಕಾ ಕೆರಳಿದ. "ಒಂದು ತಾಸಿನ ದಾರಿಗೆ ಎರಡು ತಾಸು ಕುಂದ್ರೂದೇನಲೇ?" ತಪಾಸಣೆಯಲ್ಲಿ ಇನ್ನೊಂದು ಫಜೀತಿ. ತಂಗಿಗೆಂದು ಗಡಿಗೆಯಲ್ಲಿ ಮನೆಯ ಮೊಸರು ತಂದಿದ್ದ. ನೀರಾದ ಪದಾರ್ಥ ಒಳಗೆ ಬಿಡುವುದಿಲ್ಲ ಎಂದರು. "ನೀರೆಲ್ಲಿ ಐತ್ರಿ ಇದರಾಗ?" ಎಂದವನೇ ಗಡಿಗೆಯನ್ನು ಅವರ ಮೇಜಿನ ಮೇಲೆ ಬೋರಲು ಹಿಡಿದ. ಎಮ್ಮೆ ಮೊಸರು, ಒಂದು ಹನಿ ಬೀಳಲಿಲ್ಲ! ಸಾಲಿನಲ್ಲಿದ್ದವರು ನಕ್ಕರು. ಆದರೂ ಗಡಿಗೆ ಅಲ್ಲೇ ಉಳಿಯಿತು.

ವಿಮಾನ ಸರಿಯಾಗಿ ಒಂದು ತಾಸು ಹದಿನೈದು ನಿಮಿಷಕ್ಕೆ ಇಳಿಯಿತು. ಈಗ ಜಂಬ ಕೊಚ್ಚುತ್ತಾನೆ ಎಂದುಕೊಂಡೆ. ಕಾಕಾ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿಂದ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಮತ್ತೆರಡು ತಾಸು. ದಾರಿಯುದ್ದಕ್ಕೂ, "ಇದನ್ನ ನಾ ಲೆಕ್ಕಕ್ಕ ಹಿಡಿದಿರಲಿಲ್ಲಲೇ" ಅನ್ನುತ್ತಲೇ ಇದ್ದ.

ಅತ್ತೆ ಹಾಸಿಗೆಯಲ್ಲಿ ಅಂಗೈಯಷ್ಟಾಗಿದ್ದಳು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ನೋಡಿದಳು.

"ಯಣ್ಣಾ... ಪಂಚಮಿ ಬಂತೇನು?"

ಪಂಚಮಿಗೆ ಇನ್ನೂ ನಾಲ್ಕು ತಿಂಗಳಿತ್ತು. ಕಾಕಾ ಅವಳ ಹಣೆ ಸವರಿದ.

"ಹೂಂ ತಂಗಿ. ಕರಿಯಾಕ ಬಂದೀನಿ."

ಅತ್ತೆ ಮೊಣಕೈ ಊರಿ ಏಳಲು ನೋಡಿದಳು. ಆಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸೊಸೆಯ ಸೆರಗು ಹಿಡಿದೆಳೆದು ಹೇಳಿದಳು: "ನನ್ನ ಸೀರಿ ಚೀಲಕ್ಕ ಹಾಕವಾ. ನಮ್ಮಣ್ಣ ಬಂದಾನ."