ಕಂಪ್ಯೂಟರಿಗೊಂದು ಒಡಪು

ದೇವರು ನನಗೆ ಎಲ್ಲವನ್ನೂ ಕೊಟ್ಟಿದ್ದಾನೆ, ಗುಟ್ಟು ನಿಲ್ಲುವ ಹೊಟ್ಟೆಯೊಂದನ್ನು ಬಿಟ್ಟು. ತಂಗಿಗೆಂದು ಸೀರೆ ತಂದು ಮುಚ್ಚಿಟ್ಟರೆ, ಅವಳು ಬಂದು ಚಪ್ಪಲಿ ಬಿಡುವ ಮೊದಲೇ ಅಂಚಿನ ಬಣ್ಣ ಹೇಳಿರುತ್ತೇನೆ. ಇಂಥವಳ ಕೈಗೆ ಸೊಸೆ ಶೈಲಾ ಒಂದು ಗುಟ್ಟನ್ನು ಒಪ್ಪಿಸುವ ಪ್ರಸಂಗ ಬಂತು.

ಶೈಲಾ ಇಲ್ಲೇ ಕಲಬುರಗಿಯಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಅವಳ ಲೆಕ್ಕಗಳು ಮನೆಯ ಕಂಪ್ಯೂಟರು ಹೊರಲಾರದಷ್ಟು ಭಾರವಂತೆ. ದೂರದ ಊರಿನಲ್ಲಿ ಕ್ಲಸ್ಟರ್ ಎಂಬ ಕಂಪ್ಯೂಟರುಗಳ ಸಾಲೊಂದಿದೆ. ಮದುವೆ ಮನೆಯಲ್ಲಿ ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ಬಡಿದ ಹಾಗೆ ಅವು ಲೆಕ್ಕವನ್ನು ಹಂಚಿಕೊಂಡು ಮಾಡಿಕೊಡುತ್ತವೆ. ಫೋನಿನ ತಂತಿಯ ಮೂಲಕವೇ ಇವಳು ಅಲ್ಲಿಗೆ ಹೋಗಿಬರುತ್ತಾಳೆ. ಹೆರಿಗೆಗೆಂದು ಅವಳು ತವರಾದ ಕಮಲಾಪುರಕ್ಕೆ ಹೋದ ಮೇಲೆ ಕ್ಲಸ್ಟರಿನ ಸಾಹೇಬರು ಹೊಸ ಕಟ್ಟಳೆ ತಂದರು. ಹಳೆಯ ಪಾಸ್‌ವರ್ಡ್ ಇನ್ನು ನಡೆಯದು, ಎಸ್‌ಎಸ್‌ಎಚ್ ಕೀ ಎಂಬುದನ್ನು ಕಳಿಸದವರ ಖಾತೆ ಇಂದು ಸಂಜೆಗೆ ಅಳಿಸಿಹೋಗುತ್ತದೆ! ಅವಳ ಥೀಸಿಸ್ಸಿನ ಲೆಕ್ಕವೆಲ್ಲ ಅಲ್ಲೇ ಇತ್ತು. ಅವಳಿಗೆ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು, ಮಗ ಊರಲ್ಲಿರಲಿಲ್ಲ. ಉಳಿದವಳು ನಾನು, ಈಮೇಲ್ ನೋಡುವಷ್ಟು ಕಲಿತವಳು.

“ಅತ್ತೀ, ಹೆದರಬ್ಯಾಡ್ರಿ,” ಎಂದಳು ಶೈಲಾ ಫೋನಿನಲ್ಲಿ. “ಈ ಎಸ್‌ಎಸ್‌ಎಚ್ ಎರಡು ಫೈಲ್ ಮಾಡ್ತದ. ಒಂದು ಕೀಲಿ ಇದ್ದಂಗ, ಅವರ ಬಾಗಲಿಗೆ ಹಾಕಾಕ ಕಳಿಸೋದು. ಇನ್ನೊಂದು ಕೀಲಿಕೈ, ನಮ್ಮ ಮನ್ಯಾಗೇ ಇರೋದು.”

ಶರಣಬಸವೇಶ್ವರನನ್ನು ನೆನೆದು, ಅವಳು ಹೇಳಿದಂತೆ ಒಂದೊಂದೇ ಗುಂಡಿ ಒತ್ತಿದೆ. ಪರದೆ ಏನೋ ಕೇಳಿತು.

“ಕೀಲಿಕೈಗೆ ಒಂದು ಗುಟ್ಟಿನ ಮಾತು ಬೇಕ್ರಿ. ದೇವರ ಹೆಸರು ಹಾಕಬ್ಯಾಡ್ರಿ ಮತ್ತ, ಕಲಬುರಗ್ಯಾಗ ಯಾರರ ಹೇಳ್ತಾರ. ನಿಮ್ಮ ಬಾಯಾಗ ಎಂದೂ ಬರದ ಮಾತು ಹಾಕ್ರಿ.”

ನನ್ನ ಬಾಯಲ್ಲಿ ಎಂದೂ ಬರದ ಮಾತು ಒಂದೇ, ಗಂಡನ ಹೆಸರು. ದವಾಖಾನೆಯಲ್ಲಿ ಕೇಳಿದರೂ ಪಕ್ಕದವರ ಮುಖ ನೋಡುತ್ತೇನೆ. ಆದರೆ ಬರೆಯಬಾರದೆಂದು ಯಾರೂ ಹೇಳಿಲ್ಲವಲ್ಲ. ಟೈಪು ಮಾಡಿದೆ. ಒಂದಕ್ಷರವೂ ಮೂಡಲಿಲ್ಲ.

“ಏನೂ ಕಾಣವಲ್ದು ಶೈಲಾ!”

“ಅದು ಹಂಗ ಅತ್ತೀ, ಯಾರೂ ನೋಡಬಾರದಂತ. ಇನ್ನೊಮ್ಮೆ ಹೊಡೀರಿ.”

ಬಾಯಿಗೂ ಬರಲಿಲ್ಲ, ಕಣ್ಣಿಗೂ ಬೀಳಲಿಲ್ಲ. ಇದನ್ನು ಮಾಡಿದವನ ಮನೆಯಲ್ಲಿ ನನ್ನಂಥ ಹಿರಿಯಳೊಬ್ಬಳು ಇದ್ದಿರಲೇಬೇಕು.

ಫೋನ್ ಇಟ್ಟರೆ ಮಾತ್ರ ನಮ್ಮಲ್ಲಿ ಇಂಟರ್‌ನೆಟ್ಟು. ಇಟ್ಟು, ಕೀಲಿಯ ಫೈಲನ್ನು ಸಾಹೇಬರಿಗೆ ಈಮೇಲ್ ಮಾಡಿ, ಕರೆಂಟ್ ಹೋಗದಿರಲೆಂದು ಬೇಡಿಕೊಳ್ಳುತ್ತ ಕುಳಿತೆ.

“ಕಂಪ್ಯೂಟರ್ ಮುಂದ ಕೂತು ಜಪಾ ಮಾಡಾಕತ್ತೀಯೇನು?” ಎಂದರು ಪೇಪರ್ ಓದುತ್ತಿದ್ದ ನಮ್ಮ ಯಜಮಾನರು.

“ಹೂಂನ್ರಿ,” ಎಂದೆ. ಯಾರ ಹೆಸರಿನ ಜಪವೆಂದು ಅವರು ಕೇಳಲಿಲ್ಲ.

ಕರೆಂಟ್ ಹೋಗಲಿಲ್ಲ, ಅದೊಂದು ಕೃಪೆ. ಸಾಹೇಬರು ಇನ್ನೂ ಕುರ್ಚಿಯಲ್ಲೇ ಇದ್ದರು, ಅದು ಇನ್ನೊಂದು. ‘ಕೀಲಿ ಹಾಕಿದ್ದೇವೆ, ಬಂದು ನೋಡಿ’ ಎಂದು ಉತ್ತರ ಬಂತು. ಶೈಲಾ ಮೊದಲೇ ಬರೆಸಿದ್ದಂತೆ ಗುಂಡಿ ಒತ್ತಿ, ಗುಟ್ಟಿನ ಮಾತು ಹೊಡೆದೆ. ಬಾಗಿಲು ತೆರೆಯಿತು! ಶೈಲಾಳ ಫೈಲುಗಳೆಲ್ಲ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಕುಳಿತಿದ್ದವು. ಇಂಟರ್‌ನೆಟ್ಟು ಬಿಡಿಸಿ ಕಮಲಾಪುರಕ್ಕೆ ಫೋನ್ ಹಚ್ಚಿದೆ.

“ಎಲ್ಲಾ ಅದಾವವಾ, ಒಂದೂ ಹೋಗಿಲ್ಲ.”

“ನಿಮ್ಮ ಬಾಯಾಗ ಸಕ್ರಿ ಹಾಕ್ಬೇಕ್ರಿ! ಈಗ ಆ ಗುಟ್ಟಿನ ಮಾತು ನನಗೂ ಹೇಳ್ರಿ. ನೀವು ಮರತ್ರ ಬಾಗಲಾ ಯಾರಿಗೂ ತೆರೆಯಂಗಿಲ್ಲ.”

ಯಜಮಾನರು ಎದುರಿಗೇ ಇದ್ದರು. “ನಿಮ್ಮ ಮಾವನವರದವಾ...” ಎಂದು ದನಿ ತಗ್ಗಿಸಿದೆ.

“ಹೆಸರಾ! ಹಂಗಾದ್ರ ಒಡಪು ಹಾಕಿ ಹೇಳ್ರಿ, ಇಲ್ಲಂದ್ರ ನಾ ಬಿಡಂಗಿಲ್ಲ.”

ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಪ್ರಾಸ ಕಟ್ಟಿಸಿ ಗಂಡನ ಹೆಸರು ಹೇಳಿಸುವುದು ನಮ್ಮ ಕಡೆಯ ಪದ್ಧತಿ. ಅವಳನ್ನು ಹಾಗೆ ಕಾಡಿದವಳು ನಾನೇ.

“ಹೇಳಬಾರದೇನು, ಪಾಪ, ಹುಡುಗಿ ಕೇಳಾಕತ್ಯಾಳ,” ಎಂದರು ಏನೂ ತಿಳಿಯದ ಯಜಮಾನರು.

ಕಣ್ಣು ಮುಚ್ಚಿ ಹೇಳಿಬಿಟ್ಟೆ: “ಕಮಲಾಪುರದ ಬಾಳೆಹಣ್ಣು ಕೆಂಪಗ, ದಪ್ಪ; ಕಂಪ್ಯೂಟರಿನ ಬಾಗಲಾ ಕಾಯಾವ್ರು ನಮ್ಮ ಬಂಡೆಪ್ಪ!”

ಪೇಪರ್ ಮೆಲ್ಲಗೆ ಕೆಳಗಿಳಿಯಿತು. “ನಗಸಬ್ಯಾಡ್ರಿ ಅತ್ತೀ, ಇವತ್ತ ಹೆರಿಗಿ ಆಗ್ತದ!” ಎಂದು ಫೋನು ಕೂಗಿತು.

ಅಂದಿನಿಂದ, ಲೆಕ್ಕ ಎಲ್ಲಿಗೆ ಬಂತೆಂದು ನೋಡಿ ಶೈಲಾಳಿಗೆ ತಿಳಿಸುವ ಹೊತ್ತಾದರೆ ಯಜಮಾನರು ತಲೆ ಬಾಚಿಕೊಂಡು ಬಂದು ಪಕ್ಕದಲ್ಲಿ ಕುರ್ಚಿ ಹಾಕುತ್ತಾರೆ. ಪರದೆಯ ಮೇಲೆ ಏನೂ ಮೂಡದಿದ್ದರೂ, ನಾನು ಗುಟ್ಟಿನ ಮಾತು ಒತ್ತುವಾಗ ಮದುಮಗನಂತೆ ನೆಟ್ಟಗೆ ಕೂರುತ್ತಾರೆ. ಮೂರನೆಯವರ ಕಿವಿಗೆ ಬಿದ್ದದ್ದು ಬೇಡವೆಂದು ಶೈಲಾ ಮರುದಿನವೇ ನನ್ನಿಂದ ಆ ಗುಟ್ಟಿನ ಮಾತನ್ನೇ ಬದಲಿ ಮಾಡಿಸಿದ್ದಳು. ಅದನ್ನು ಮಾತ್ರ ಇವರಿಗೆ ಹೇಳಿಲ್ಲ. ನನ್ನ ಹೊಟ್ಟೆಯಲ್ಲಿ ನಿಂತ ಮೊದಲ ಗುಟ್ಟು ಅದು. ಅಂದರೆ, ಈಗ ನಿಮಗೆ ಹೇಳುವವರೆಗೆ.