ಪಂಡಿತರ ಮುದ್ದುಮಂದಾರ

ಮರೀಗೌಡ ಪಂಡಿತರಿಗೆ ಚಿಂತಾಮಣಿಯ ಮೇಲಿದ್ದ ದೂರು ಒಂದೇ: ಊರಿಗೆ ಊರೇ ತೆಲುಗು ಮಾತಾಡುತ್ತದೆ. ಮೈಸೂರು ಕಡೆಯಿಂದ ಇಲ್ಲಿನ ಮಿಡ್ಲ್ ಸ್ಕೂಲಿಗೆ ಕನ್ನಡ ಪಂಡಿತರಾಗಿ ಬಂದು, ಇಲ್ಲಿಯ ಹೆಣ್ಣನ್ನೇ ಮದುವೆಯಾಗಿದ್ದರೂ, ತಮ್ಮ ಹೊಸಿಲೊಳಗೆ ತೆಲುಗು ಕಾಲಿಡಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದರು. ರಾಜ್ಯ ಏಕೀಕರಣವಾದ ಮೇಲಂತೂ ಅದು ಇನ್ನಷ್ಟು ಬಿಗಿಯಾಯಿತು. ಹೆಂಡತಿ ಅಮ್ಮಾಜಮ್ಮ ಬೆಕ್ಕನ್ನು ಓಡಿಸುವಾಗಲೂ ವ್ಯಾಕರಣ ನೋಡಿಕೊಳ್ಳಬೇಕಿತ್ತು. (ಬೆಕ್ಕಿಗೆ ಎರಡೂ ಭಾಷೆ ಬರುತ್ತಿತ್ತು.)

ಮುಂಗಾರಿನ ಹೊತ್ತಿಗೆ ಮಾವ ವೆಂಕಟರಾಮಪ್ಪನವರು ಹಳ್ಳಿಯಿಂದ ಒಂದು ಕಟ್ಟು ಕಡ್ಡಿ ತಂದರು.

"ಮುದ್ದಮಂದಾರಂ, ಅಳಿಯಂದ್ರೇ! ವರ್ಷವೆಲ್ಲಾ ಹಸಿರಾಗಿರ್ತದೆ. ಹೂವು ನೋಡ್ಬೇಕು ನೀವು, ಇಷ್ಟಿಷ್ಟು ಗಾತ್ರ!"

ಪಂಡಿತರಿಗೆ ರೋಮಾಂಚನವಾಯಿತು. ಮಂದಾರ! ಇಂದ್ರನ ನಂದನವನದ ವೃಕ್ಷ! ಅದರಲ್ಲೂ ಮುದ್ದಿನದು! ಅಂಥ ಅತಿಥಿಯನ್ನು ಎಲ್ಲಿ ಕೂರಿಸುವುದು? ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಒಳ್ಳೆಯ ಜಾಗವನ್ನೆಲ್ಲ ಅಮ್ಮಾಜಮ್ಮನ ದಾಸವಾಳದ ಬೇಲಿ ಹಿಡಿದು ನಿಂತಿತ್ತು. ಪಂಡಿತರು ಅದನ್ನು ಬುಡಸಮೇತ ಕೀಳಿಸಿದರು.

"ಅಯ್ಯೋ, ಶುಕ್ರವಾರದ ಪೂಜೆಗೆ ಹೂವು ಎಲ್ಲಿಂದ ತರ್ಲಿ? ಅಲ್ಲಾ ರೀ, ಮಂದಾರಂ ಅಂದ್ರೆ..."

"ಮಂದಾರಂ ಅಲ್ಲ ಕಣೇ, ಮಂದಾರ. ಕೊನೇ ಸೊನ್ನೆ ಬಿಡು."

"ಸೊನ್ನೆ ಬಿಟ್ಟೆ. ನಾನ್ ಹೇಳೋದು ಏನಂದ್ರೆ..."

"ದೇವೇಂದ್ರನ ಗಿಡದ ಮುಂದೆ ದಾಸವಾಳದ ಮಾತೇನೇ?"

ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟು ಬೆಳೆಸಿದ ಬೇಲಿ. ಅಮ್ಮಾಜಮ್ಮನಿಗೆ ಅಳುವೇ ಬಂತು. ಆಮೇಲೆ ಸಿಟ್ಟು ಬಂತು. ಇನ್ನು ಆ ಗಿಡದ ವಿಚಾರದಲ್ಲಿ ತುಟಿ ಎರಡು ಮಾಡುವುದಿಲ್ಲವೆಂದು ಆಕೆ ತೀರ್ಮಾನಿಸಿದಳು.

ನಾಟಿಯ ಕ್ರಮ ಮಾವನವರದೇ: ಗೇಣುದ್ದದ ಕಡ್ಡಿ, ಕೆಳತುದಿ ಓರೆಯಾಗಿ ಕತ್ತರಿಸಬೇಕು; ಕೆಮ್ಮಣ್ಣಿಗೆ ಮರಳು, ಹಳೇ ಗೊಬ್ಬರ ಬೆರೆಸಿ ಎರಡು ಗಿಣ್ಣು ಒಳಗೆ ಹೋಗುವಂತೆ ಊರಬೇಕು; ಬೇರು ಬಿಡುವ ತನಕ ನೆರಳು; ನೀರು ಹದವಾಗಿ, ನಿಂತರೆ ಕೊಳೆಯುತ್ತದೆ. ಪಂಡಿತರು ತಮ್ಮದೊಂದು ಕ್ರಮ ಸೇರಿಸಿದರು. ದಿನವೂ ಕಡ್ಡಿಗಳನ್ನು ಮೇಲೆತ್ತಿ, ಬೇರು ಬಂತೇ ಎಂದು ನೋಡಿ, ಮತ್ತೆ ಊರುತ್ತಿದ್ದರು. ಇಂಥ ಸತ್ಕಾರ ತಾಳಲಾರದೆ ಕಡ್ಡಿಗಳೆಲ್ಲ ಒಣಗಿದವು. ಮೂಲೆಯಲ್ಲಿ ಅವರ ಕಣ್ಣಿಗೆ ಬೀಳದ ಒಂದು ಮಾತ್ರ ಚಿಗುರಿತು.

"ಎಲೆ ಸ್ವಲ್ಪ ದಾಸವಾಳದ ಹಾಗಿದೆ, ಅಲ್ಲವೇನೇ?"

"ಹೂಂ."

"ದೊಡ್ಡವರ ಹೋಲಿಕೆ ಚಿಕ್ಕವರಲ್ಲಿ ಇದ್ದೇ ಇರುತ್ತೆ."

"ಹೂಂ."

ಹೆಂಡತಿ ಇಷ್ಟು ಒಪ್ಪಿಕೊಳ್ಳುತ್ತಿರುವುದು ಮಂದಾರದ ಮಹಿಮೆಯೇ ಎಂದುಕೊಂಡರು ಪಂಡಿತರು. ಮರುವರ್ಷ ಮೊಗ್ಗು ಬಂತು. ಅದು ಅರಳುವ ಭಾನುವಾರ ಬೆಳಿಗ್ಗೆ ಹೆಡ್‌ಮಾಸ್ಟರ್ ಮುನಿನಾರಾಯಣಪ್ಪನವರೂ ಇತರ ಮೇಷ್ಟರುಗಳೂ ಅಕ್ಕಪಕ್ಕದವರೂ ಹಿತ್ತಲಿಗೆ ಬಂದರು. ಪಂಡಿತರು ಮೊಗ್ಗಿನ ಮೇಲೆ ಬಿಳಿ ವಸ್ತ್ರ ಹೊದಿಸಿ ನಂದನವನದಿಂದ ಆರಂಭಿಸಿದರು. ಉಪ್ಪಿಟ್ಟು ಆರಿತು. ಭಾಷಣ ಆರಲಿಲ್ಲ. ಕೊನೆಗೆ ವಸ್ತ್ರ ಸರಿಸಿದರು.

ಕೆಂಪಗೆ, ಎಸಳ ಮೇಲೆ ಎಸಳಿನ, ಮುದ್ದೆಯಷ್ಟು ದಪ್ಪದ ದಾಸವಾಳ!

ಪಂಡಿತರು ವಸ್ತ್ರವನ್ನು ಮತ್ತೆ ಹೂವಿನ ಮೇಲೆ ಎಳೆಯಹೋದರು. ಅತಿಥಿಗಳಿಗೇನೂ ಆಶ್ಚರ್ಯವಾಗಲಿಲ್ಲ. ಮಂದಾರಂ ನೋಡಲು ಬನ್ನಿ ಎಂದು ಕರೆದಿದ್ದರು, ಮಂದಾರಂ ಇದೆ, ಸರಿಯಾಗಿಯೇ ಇದೆ. ಆದರೆ ಪಕ್ಕದ ಮನೆಯ ಆವುಲಪ್ಪ ಮುಂದೆ ಬಂದ. ಕಂಡದ್ದಕ್ಕೆಲ್ಲ ಕನ್ನಡದ ಹೆಸರು ಕೇಳಿ ಕಲಿಯಬೇಕೆಂದು ಪಂಡಿತರೇ ಅವನಿಗೆ ತಾಕೀತು ಮಾಡಿದ್ದರು.

"ಚಾಲಾ ಬಾಗುಂದಿ ಮೇಷ್ಟ್ರೇ! ನಮ್ ತೆಲುಗಲ್ಲಿ ಮಂದಾರಂ ಅಂತೀವಿ. ಕನ್ನಡದಲ್ಲಿ ಇದ್ಕೇನಂತಾರೆ?"

ಪಂಡಿತರು ಹೆಂಡತಿಯ ಮುಖ ನೋಡಿದರು. ಬಾಗಿಲಲ್ಲಿ ನಿಂತ ಅಮ್ಮಾಜಮ್ಮ ಅಚ್ಚಗನ್ನಡದಲ್ಲಿ ಹೇಳಿದಳು: "ಕೇಳ್ತಾ ಇದಾರಲ್ಲ ರೀ, ಹೇಳಿ."

ಪಂಡಿತರ ತುಟಿ ಅಲುಗಿತು.

"ಸ್ವಲ್ಪ ಜೋರಾಗಿ ಪಂಡಿತರೇ," ಎಂದರು ಹೆಡ್‌ಮಾಸ್ಟರು, "ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ."